ವೆಳ್ಳಕೋಯಿಲಿನಲ್ಲಿ ನಿಲ್ಲದ ಸಂಗು

ಗೆಳೆಯರೇ, ಇವತ್ತು ಒಂದು ಇಡೀ ಮಿಲ್ಲಿಗೆ ಬೆಳಿಗ್ಗೆಯೇ ರಜೆ ಕೊಟ್ಟವನು ನಾನು.

ನಾನಿರುವುದು ಕೊಯಮತ್ತೂರಿನ ಗಣಪತಿ ಬಡಾವಣೆಯ ಆಫೀಸಿನಲ್ಲಿ. ನಮ್ಮ ವೆಳ್ಳಕೋಯಿಲ್ ಮಿಲ್ಲಿನ ಸೈರನ್, ಅಂದರೆ ಇಲ್ಲಿಯವರ ಬಾಯಲ್ಲಿ ಸಂಗು, ಇಲ್ಲಿಂದಲೇ ಎಸ್ಎಸ್ಎಚ್ ಮೂಲಕ ಅಲ್ಲಿನ ಕಂಪ್ಯೂಟರಿನೊಳಗೆ ಹೊಕ್ಕು ಊದಿಸಲೆಂದು ಪೈಥಾನಿನಲ್ಲಿ ಪ್ರೋಗ್ರಾಮ್ ಬರೆದಿದ್ದೆ. ಊದಿಸಿ ನೋಡಿ, ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿದೆ. ತಕ್ಷಣ ಅಲ್ಲಿನ ಮೇಸ್ತ್ರಿ ರಂಗಣ್ಣನ ಫೋನ್. ಅವರು ಅಲ್ಲೇ ಹುಟ್ಟಿ ಬೆಳೆದ ಕನ್ನಡದವರು.

“ತಂಬಿ, ಸಂಗು ನಿಲ್ತಾನೇ ಇಲ್ಲ!”

“ನಿಲ್ಲಿಸಿದೆನಲ್ಲ ಅಣ್ಣಾ?”

“ಹಂಗಾದ್ರೆ ಇಲ್ಲಿ ಊದ್ತಾ ಇರೋದು ಯಾರು? ಶಿಫ್ಟ್ ಮುಗೀತು ಅಂತ ಎಲ್ಲಾರೂ ಸೈಕಲ್ ಎತ್ಕೊಂಡು ಮನೆಗೆ ಕಿಳಂಬಿಬಿಟ್ರು! ಸಾಯಂಕಾಲ ಮಾಲು ಒಯ್ಯೋಕೆ ಲಾರಿ ಬೇರೆ ಬರ್ತದೆ!”

ನಿಜ. ನಿಂತದ್ದು ನನ್ನ ಮೇಜಿನ ಮೇಲಿನ ಪ್ರೋಗ್ರಾಮ್ ಮಾತ್ರ. ಮಿಲ್ಲಿನ ಕಂಪ್ಯೂಟರಿನಲ್ಲಿ ಓಡುತ್ತಿದ್ದುದಕ್ಕೆ ಸುದ್ದಿಯೇ ಮುಟ್ಟಿರಲಿಲ್ಲ. ಬೆವರುತ್ತ ಮತ್ತೆ ಒಳಹೊಕ್ಕು, ನಿಲ್ಲುವ ಸಿಗ್ನಲನ್ನು ನೇರವಾಗಿ ಅದಕ್ಕೇ ಕಳಿಸಿದೆ.

“ನಿಂತಿತಾ ಅಣ್ಣಾ?”

“ನಿಂತಿತು. ಗೇಟಲ್ಲಿ ವಾಚ್‌ಮನ್ನೂ ಇಲ್ಲ.”

“ಎಲ್ಲರನ್ನೂ ವಾಪಸ್ ಕರೆಯೋಕೆ ಇನ್ನೊಂದು ಸಲ ಊದಲಾ?”

“ಬ್ಯಾಡಪ್ಪಾ ಸಾಮಿ! ಉಳಿದಿರೋದು ನಾನೊಬ್ಬ. ಊದಿದ್ರೆ ನಾನೂ ಮನೆಗೆ ಹೋಗಿಬಿಡ್ತೀನಿ.”