ದೊಡ್ಡವ್ವನ ಗುರೆಳ್ಳಿನ ಸಾಲು

ಮೊನ್ನೆ ಕೆ.ಬಿ. ಬಡಾವಣೆಯ ಚಟ್ನಿಪುಡಿ ಅಂಗಡಿಯಲ್ಲಿ ಗುರೆಳ್ಳು ಹುರಿಯುತ್ತಿದ್ದರು. ಆ ಘಮ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲುಗಳು ಅಲ್ಲೇ ನಿಂತವು. ಗಂಡನ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ದೊಡ್ಡವ್ವ ಕಣ್ಣೆದುರು ಬಂದು ಕೂತಳು...

ತೊಂಬತ್ತರ ದಶಕದ ಕೊನೆಯ ಮಾತು. ಪೇಟೆಯ ಪಿ.ಜೆ. ಬಡಾವಣೆಯಲ್ಲಿ ಮಣ್ಣು ಮುಟ್ಟದೆ ಬೆಳೆದ ನಾನು ಲೋಕಿಕೆರೆ ಹಳ್ಳಿಗೆ ಸೊಸೆಯಾಗಿ ಹೋಗಿದ್ದೆ. ಅಲ್ಲಿ ನನ್ನ ಅತ್ತೆಯೂ ಸೇರಿ ಹನ್ನೊಂದು ಹೆಂಗಸರು ಒಟ್ಟಾಗಿ ಎರಡೆಕರೆ ಹೊಲ ಮಾಡುತ್ತಿದ್ದರು. ಸರಕಾರಿ ಗೊಬ್ಬರ ಹಾಕುತ್ತಿರಲಿಲ್ಲ, ಔಷಧಿ ಹೊಡೆಯುತ್ತಿರಲಿಲ್ಲ. ಕೊಟ್ಟಿಗೆ ಗೊಬ್ಬರ, ಒಣಹುಲ್ಲಿನ ಹೊದಿಕೆ, ಅಷ್ಟೇ. ಜೋಳದ ನಡುನಡುವೆ ತೊಗರಿ, ಅಲಸಂದೆ, ಪುಂಡಿ, ಗುರೆಳ್ಳಿನ ಅಕ್ಕಡಿ ಸಾಲು. ಬಿತ್ತುವ ಕೂರಿಗೆಯ ಹಿಂದೆ ಉಡಿಯಲ್ಲಿ ಕಾಳು ಕಟ್ಟಿಕೊಂಡು ಆ ಸಾಲುಗಳನ್ನು ಬಿಡುತ್ತಿದ್ದವಳು ದೊಡ್ಡವ್ವ. ಗಂಡನಿಲ್ಲ, ಮಕ್ಕಳಿಲ್ಲ. ಬಿತ್ತುವ ದಿನ ಮಾತ್ರ ಅವಳ ನಡಿಗೆಯಲ್ಲಿ ಒಂದು ಗತ್ತು ಇರುತ್ತಿತ್ತು.

ಆ ವರ್ಷ ಗುರೆಳ್ಳಿನ ಬೀಜ ಉಳಿದದ್ದು ಒಂದೇ ಹಿಡಿ. ಹರಿಹರದ ತವರಿನಲ್ಲಿ ಅವಳ ಅವ್ವ ಕೊಟ್ಟಿದ್ದ ತಳಿ. ಹಿಂದಿನ ವರ್ಷದ ಮಳೆಗೆ ಮಿಕ್ಕದ್ದೆಲ್ಲ ಮುಗ್ಗಿ ಹೋಗಿತ್ತು. ಇದ್ದುದನ್ನು ಬೂದಿಯಲ್ಲಿ ಬೆರೆಸಿ ಒಂದೇ ಸಾಲು ಬಿಟ್ಟಿದ್ದಳು.

ಒಂದು ಬೆಳಿಗ್ಗೆ ಅವಳು ಹರಿಹರಕ್ಕೆ ಹೋದಳು. ನಾನೋ ಮಹಾ ಜಾಣೆ! ಅವಳು ಬರುವಷ್ಟರಲ್ಲಿ ಕಳೆ ತೆಗೆದು ಶಭಾಷ್ ಅನ್ನಿಸಿಕೊಳ್ಳೋಣವೆಂದು ಒಬ್ಬಳೇ ಹೊಲಕ್ಕಿಳಿದೆ. ಜೋಳ ಗೊತ್ತಿತ್ತು, ತೊಗರಿ ಗೊತ್ತಿತ್ತು. ಒರಟು ಎಲೆಯ ಆ ಗೇಣುದ್ದದ ಸಸಿಗಳು ನನ್ನ ಕಣ್ಣಿಗೆ ಕಳೆಯೇ. ಇಡೀ ಸಾಲನ್ನು ಕಿತ್ತು ಬದುವಿಗೆ ಎಸೆದೆ.

ಮಧ್ಯಾಹ್ನ ಬಸ್ಸಿಳಿದವಳು ನೇರ ಹೊಲಕ್ಕೇ ಬಂದಳು. ಬಾಡಿದ ಗುಡ್ಡೆಯ ಮುಂದೆ ಕುಸಿದು ಕೂತಳು. "ಇದ್ದಿದ್ದು ಇಷ್ಟೇ ಕಣವ್ವಾ..." ಅಂದಳು, ಅಷ್ಟೇ. ಬೇರಿದ್ದವನ್ನೆಲ್ಲ ಆರಿಸಿ ಮತ್ತೆ ಊರಿದಳು. ನಾನು ಕೊಡಗಟ್ಟಲೆ ನೀರು ಹೊತ್ತೆ, ಮುತ್ತುಗದ ಎಲೆ ಮುಚ್ಚಿದೆ, ನೆನಪಾದ ದೇವರಿಗೆಲ್ಲ ಹರಕೆ ಹೊತ್ತೆ. ಮೂರನೇ ದಿನಕ್ಕೆ ಒಂದೂ ಉಳಿಯಲಿಲ್ಲ.

ಹೆಂಗಸರೆಲ್ಲ ಬದುವಿನ ಮೇಲೆ ಸೇರಿದರು. "ಯಾರು ಕಿತ್ತಿದ್ದು, ಹೇಳ್ರೆ!" ಎಂದು ಅತ್ತೆಯೇ ಗದರಿದರು. ನಾನು ಅತ್ತೆಯ ಬೆನ್ನ ಹಿಂದಕ್ಕೆ ಸರಿದೆ. ದೊಡ್ಡವ್ವ ನನ್ನತ್ತ ನೋಡಲೇ ಇಲ್ಲ.

"ನಾನೇ ಕಿತ್ತೆ ಕಣ್ರವ್ವಾ. ಊರಿಗೆ ಹೋಗೋ ಮುಂಚೆ, ನಸುಕಿನಾಗ. ಕಣ್ಣು ಮೊದ್ಲಿನಂಗೆ ಕಾಣವಲ್ವು."

ಮುಂದಿನ ಮುಂಗಾರಿಗೆ ಕೂರಿಗೆ ಹೂಡಿದಾಗ ಅತ್ತೆ, "ಕಣ್ಣು ಕಾಣದೋರಿಗೆ ಬೀಜ ಯಾಕ? ಚುರುಕಿರೋಳು ಬಿಡ್ಲಿ" ಎಂದು ಕಾಳನ್ನು ನನ್ನ ಉಡಿಗೆ ಸುರಿದರು. ನನ್ನ ಉಡಿಗೆ! ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ, ಹಾಳು ಬಾಯಿ. ದೊಡ್ಡವ್ವ ಖಾಲಿ ಕೈ ತೊಡೆಯ ಮೇಲಿಟ್ಟುಕೊಂಡು ಬದುವಿನಲ್ಲಿ ಕೂತಿದ್ದಳು. "ಬೆರಳು ಸಡ್ಲ ಬಿಡವ್ವ, ಕಾಳು ತಾವೇ ಇಳೀತಾವೆ" ಎಂದು ಅಲ್ಲಿಂದಲೇ ಹೇಳಿಕೊಟ್ಟಳು.

ಆಮೇಲೆ ಅವಳು ಹೊಲಕ್ಕೆ ಬರುವುದನ್ನೇ ಬಿಟ್ಟಳು. ಇವತ್ತು ಎಲ್ಲರೆದುರು ಹೇಳಿಬಿಡುತ್ತೇನೆ, ನಾಳೆ ಹೇಳಿಬಿಡುತ್ತೇನೆ ಅಂತ ನಾನು ದಿನ ದೂಡಿದೆ... ಸುಗ್ಗಿಗೆ ಮುಂಚೆ ಅವಳು ತೀರಿಕೊಂಡಳು. ಕೊನೆಯವರೆಗೂ ಊರಿನ ಲೆಕ್ಕದಲ್ಲಿ ಆ ತಳಿ ಕಳೆದವಳು ಅವಳೇ.

ಅಂಗಡಿಯಲ್ಲಿ ನಿಂತಲ್ಲೇ ಕಣ್ಣು ತುಂಬಿತು. "ನಾನೇ ಕಿತ್ತಿದ್ದು" ಎಂದು ಬಾಯಿಂದ ಬಂದೇಬಿಟ್ಟಿತು.

"ಏನಂದ್ರಿ ಅಮ್ಮಾರ?" ಅಂಗಡಿಯವನು ಸೌಟು ನಿಲ್ಲಿಸಿ ಕೇಳಿದ.

"ಏನಿಲ್ಲ ಬಿಡಪ್ಪ" ಎಂದೆ.