ತೊಲೆಯ ಮೇಲಿನ ಗೀರುಗಳು

ಮೇಸ್ತ್ರಿಯ ಬಲಗೈ ಹೆಬ್ಬೆರಳು ಉಳಿಯ ಅಲಗಿನಂತೆ ಚಪ್ಪಟೆಯಾಗಿತ್ತು. ಮರದ ಯಾವ ತುಂಡು ಎದುರಿಗೆ ಬಂದರೂ ಮೊದಲು ಆ ಬೆರಳು ಅದರ ಮೇಲೆ ಹರಿದಾಡುತ್ತಿತ್ತು, ಕಣ್ಣು ಆಮೇಲೆ.

ಕುವೈತಿನ ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಮರಗೆಲಸದ ಶೆಡ್ಡಿನಲ್ಲಿ ನಾನು ಮೈಸೂರಿನಿಂದ ಬಂದ ಹೊಸ ಇಂಜಿನಿಯರ್; ಅವರು ಉಡುಪಿ ಕಡೆಯ ಹಳೆಯ ಮೇಸ್ತ್ರಿ. ತೊಂಬತ್ತರ ದಶಕದ ಕೊನೆ ಇರಬೇಕು. ಇಸವಿ ಕೇಳಿದರೆ ಹೇಳಲಾರೆ. ಗಿರಾಕಿಯೊಬ್ಬರು ಇಂಗ್ಲೆಂಡಿನ ಹಳೆಯ ತೋಟದ ಮನೆಯೊಂದರ ಮರದ ಚೌಕಟ್ಟನ್ನೇ ಕೊಂಡು, ಬಿಚ್ಚಿಸಿ, ಹಡಗಿನಲ್ಲಿ ತರಿಸಿದ್ದರು. ಕಂಬ, ತೊಲೆ, ಓರೆಗಂಬ ಎಲ್ಲ ಓಕ್. ಮುನ್ನೂರು ವರ್ಷ ಹಳೆಯದಂತೆ. ಅದನ್ನು ಅವರ ಜಮೀನಿನಲ್ಲಿ ನಾವು ಮತ್ತೆ ನಿಲ್ಲಿಸಬೇಕಿತ್ತು. ಯಾವ ತುಂಡು ಎಲ್ಲಿಗೆ ಎಂದು ತಿಳಿಯಲು ಒಂದೊಂದಕ್ಕೂ ಸಂಖ್ಯೆಯ ಚೀಟಿ ಅಂಟಿಸಿತ್ತು.

ಧೂಳಿನ ಬಿರುಗಾಳಿ ಬೀಸಿದ ಮರುದಿನ ಆ ಮರಗಳನ್ನು ಪೈಪು ಹಿಡಿದು ತೊಳೆಸಿದವನು ನಾನು. ಮಧ್ಯಾಹ್ನದ ಹೊತ್ತಿಗೆ ಚೀಟಿಗಳೆಲ್ಲ ನೆಲದ ಮೇಲೆ ಗಂಜಿಯಾಗಿದ್ದವು. ನಕ್ಷೆಯಲ್ಲಿದ್ದುದೂ ಆ ಚೀಟಿಗಳ ಸಂಖ್ಯೆಯೇ.

"ಖಲಾಸ್," ಎಂದೆ. "ನಾಡಿದ್ದು ಮ್ಯಾನೇಜರ್ ಬರ್ತಾರೆ. ಇಕಾಮಾ ಪರ್ಮಿಟ್ಟು ಕ್ಯಾನ್ಸಲ್ ಮಾಡಿ ನನ್ನನ್ನ ಊರಿಗೆ ಕಳಿಸ್ತಾರೆ."

"ಎಂತ ಖಲಾಸ್ ಮಾರಾಯ್ರೆ! ಮನೆ ಕಟ್ಟಿದವನ ಹತ್ರ ಚೀಟಿ ಇತ್ತಾ?" ಮೇಸ್ತ್ರಿ ಒಂದು ತೊಲೆಯ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತರು. ಬೆರಳು ಒಂದೆಡೆ ನಿಂತಿತು. "ಇಂಜಿನಿಯರೇ, ಇಲ್ಲಿ ಮುಟ್ಟಿ."

ಕೀಲಿನ ಪಕ್ಕದಲ್ಲಿ ಉಳಿಯಿಂದ ಕೊರೆದ ಮೂರು ಸಣ್ಣ ಗೀರು. ಅಂಥದೇ ಮೂರು ಗೀರಿದ್ದ ಕಂಬ ರಾಶಿಯ ಅಡಿಯಲ್ಲಿ ಸಿಕ್ಕಿತು. ತೊಲೆಯ ನಾಲಿಗೆ ಕಂಬದ ತೂತಿನೊಳಗೆ ಸಲೀಸಾಗಿ ಕೂತಿತು.

"ನಮ್ಮಲ್ಲಿ ಮನೆಗೆ ಮಾಡು ಕಟ್ಟುವಾಗ್ಲೂ ಹೀಗೇ. ಕೆಳಗೆ ಜೋಡಿಸಿ, ಗೀರು ಹಾಕಿ, ಬಿಚ್ಚಿ, ಮೇಲೆ ಏರಿಸುದು. ಆ ಇಂಗ್ಲಿಷಿನವ ಒಳ್ಳೇ ಕೆಲಸಗಾರ ನೋಡಿ. ಒಂದು ಮೊಳೆ ಇಲ್ಲ, ಎಲ್ಲ ಮರದ್ದೇ ಬೆಣೆ."

ಎರಡು ದಿನ ಅವರು ಗೀರು ಓದಿದರು, ನಾನು ಬರೆದುಕೊಂಡೆ. ಮೂಲೆಯ ಓರೆಗಂಬ ಏಕೆ ಬೇಕೆಂಬುದನ್ನು ನಾನು ಕಾಲೇಜಿನಲ್ಲಿ ಲೆಕ್ಕ ಹಾಕಿ ಕಲಿತಿದ್ದೆ. ಅವರು ನನ್ನನ್ನು ಗೋಡೆಗೆ ಕೈ ಕೊಟ್ಟು ನಿಲ್ಲಿಸಿ, ನೆಲದಿಂದ ಕಂಕುಳಿಗೆ ಒಂದು ಕೋಲು ಓರೆಯಾಗಿ ಆನಿಸಿ, "ಈಗ ಬೀಳಿ ನೋಡುವ!" ಎಂದರು.

ಮ್ಯಾನೇಜರ್ ಬಂದಾಗ ಒಂದು ಬದಿಯ ಚೌಕಟ್ಟು ನೆಲದ ಮೇಲೆ ಪೂರ್ತಿ ಕೂಡಿತ್ತು.

"ಲೇಬಲ್ ಕಿಧರ್ ಭಾಯಿ?"

ಮೇಸ್ತ್ರಿ ನನ್ನ ಹೆಗಲ ಮೇಲೆ ಕೈಯಿಟ್ಟರು. "ಲೇಬಲ್ ಕಾಯ್ಕೋ ಸಾಬ್? ಹಮಾರಾ ಇಂಜಿನಿಯರ್ ಲಕಡೀ ಪಢ್ತಾ ಹೈ."

ಮರವನ್ನೇ ಓದಬಲ್ಲ ಇಂಜಿನಿಯರನ ಕೈಯನ್ನು ಮ್ಯಾನೇಜರ್ ಕುಲುಕಿದರು.

ವರ್ಷದೊಳಗೆ ನನಗೆ ಪೇಟೆಯ ನಡುವೆ ಶರ್ಕ್‌ನಲ್ಲಿದ್ದ ಕಂಪನಿಯ ಆಫೀಸಿನಲ್ಲಿ ಕುರ್ಚಿ ಸಿಕ್ಕಿತು. ಮೇಸ್ತ್ರಿ ಶೆಡ್ಡಿನಲ್ಲೇ ಉಳಿದರು. ಆಮೇಲೆ ಊರಿಗೆ ಹೋಗಿ, ಎರಡೋ ಮೂರೋ ವರ್ಷಕ್ಕೆ ತೀರಿಕೊಂಡರು. ನನಗೆ ಸುದ್ದಿ ಬಂದದ್ದೂ ತಡವಾಗಿ.

"ಓದಿದ್ದು ನಾನಲ್ಲ, ಇವರು" ಎಂದು ಅಂದೇ ಮ್ಯಾನೇಜರಿಗೆ ಹೇಳಿಬಿಟ್ಟಂತೆ ನನಗೆ ಕೆಲವು ಸಲ ನೆನಪಾಗುತ್ತದೆ. ಆಡಿದ ಮಾತು ಕೂಡ ಕಿವಿಗೆ ಕೇಳಿಸುತ್ತದೆ. ಆ ನೆನಪನ್ನು ನಾನು ನಂಬುವುದಿಲ್ಲ. ಹೇಳಿದ್ದರೆ, ಆಗ ಮೇಸ್ತ್ರಿಯ ಮುಖ ಹೇಗಿತ್ತು ಎಂಬುದೂ ನೆನಪಿರಬೇಕಿತ್ತು.