ಗಂಗಮ್ಮತ್ತೆಯ ಬೂದಿ ಪಾಠ

ಕುರಿಯ ಹಿಕ್ಕೆ ಕಂಡಲ್ಲಿ ಗಂಗಮ್ಮತ್ತೆ ಬಗ್ಗಿ ಎತ್ತಿಕೊಳ್ಳುತ್ತಿದ್ದಳು. ಅಂಗೈ ಮೇಲಿಟ್ಟು ಬೆರಳಲ್ಲಿ ಮುರಿದು, ಒಳಗಿನ ಎಳೆ ನೋಡಿ, "ಇವು ನಿನ್ನೆ ಕೆರೆ ಅಂಗಳದಾಗ ಮೇದಾವು" ಎನ್ನುತ್ತಿದ್ದಳು. ಅವಳು ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಶಿಕಾರಿಪುರದ ಹತ್ತಿರದ ನಮ್ಮೂರಿಗೆ ಬಂದು ತವರಿನ ಕುರಿಗಳ ಹಿಂದೆ ನಿಂತವಳು. ಅಕ್ಷರ ಬರುತ್ತಿರಲಿಲ್ಲ. ಬಸ್ಸಿನ ಬೋರ್ಡನ್ನು ನನ್ನಿಂದ ಓದಿಸಿ, ಆಮೇಲೆ ಕಂಡಕ್ಟರನ್ನೂ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದಳು.

ಭತ್ತ ಕೊಯ್ದ ಮೇಲೆ ಅಂಜನಾಪುರದ ಕಾಲುವೆ ಬದಿಯವರು ನಮ್ಮ ಮಂದೆಯನ್ನು ಕರೆಯುತ್ತಿದ್ದರು. ಕುರಿ ಕೊಯ್ದುಳಿದ ಕೂಳೆ ಮೇಯಬೇಕು, ಅಲ್ಲೇ ಮಲಗಬೇಕು, ಗದ್ದೆಗೆ ಗೊಬ್ಬರ ಬೀಳಬೇಕು. ಒಂದು ವರ್ಷ ಗೌಡರೊಬ್ಬರು ಕೂಳೆಗೆಲ್ಲ ಬೆಂಕಿ ಕೊಟ್ಟು, ಆಮೇಲೆ ಮಂದೆಗೆ ಹೇಳಿ ಕಳಿಸಿದರು. ಅತ್ತೆ ಕರಿ ಗದ್ದೆಯ ಬದುವಿನ ಮೇಲೆ ನಿಂತು, "ಗೌಡ್ರೆ, ಕುರಿ ಉಣ್ಣೋದನ್ನ ಬೆಂಕಿಗೆ ಉಣಿಸೀರಿ. ಬೆಂಕಿ ಹಿಕ್ಕೆ ಹಾಕ್ತೈತೇನ್ರೀ?" ಎಂದಳು. ಗೌಡರು ನಕ್ಕರು. ಮರುವರ್ಷ ಕಡ್ಡಿ ಗೀರಲಿಲ್ಲ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೆಮ್ಮೆಯಿಂದಲೇ ಹೇಳುತ್ತೇನೆ, ಏಕೆಂದರೆ ಅದು ಸುಲಭಕ್ಕೆ ಸಿಗಲಿಲ್ಲ. ಬಿ.ಎಸ್ಸಿ. ಕೊನೆಯ ವರ್ಷ ಪರಿಸರ ವಿಜ್ಞಾನದಲ್ಲಿ ಫೇಲಾದೆ. ಜೀವಿಗಳ ನಡುವೆ ಶಕ್ತಿ ಹೇಗೆ ಹರಿಯುತ್ತದೆ ಎಂಬ ದೊಡ್ಡ ಪ್ರಶ್ನೆಗೆ ಗುಂಡಗೆ ಚಿತ್ರ ಬರೆದಿದ್ದೆ. ಕೂಳೆ ಕುರಿಗೆ, ಹಿಕ್ಕೆ ಗದ್ದೆಗೆ, ಗದ್ದೆಯ ಹುಲ್ಲು ಮತ್ತೆ ಕುರಿಗೆ. ಹುಟ್ಟಿದಾಗಿನಿಂದ ಎಲ್ಲವೂ ತಿರುಗಿ ಬರುವುದನ್ನೇ ಕಂಡವಳು, ಶಕ್ತಿಯೂ ಹಾಗೇ ಅಂದುಕೊಂಡಿದ್ದೆ.

"ಇನ್ನೊಂದ್ಸಲ ಬರಿ," ಎಂದ ಅಪ್ಪ. "ಆಗ್ಲಿಲ್ಲಂದ್ರೆ ಓದು ಸಾಕು. ಸೊರಬದ ಕಡೆ ಗಂಡು ಐತಿ, ಮಾತಾಡ್ತೀನಿ."

ಮರುದಿನ ಬೆಳಿಗ್ಗೆ ಬಚ್ಚಲೊಲೆಯ ಮುಂದೆ ಪುಸ್ತಕ ಹಿಡಿದು ಅಳುತ್ತ ಕೂತಿದ್ದೆ. ಅತ್ತೆ ಒಲೆಗೆ ಸಗಣಿ ಕುಳ್ಳು ಒಡ್ಡುತ್ತಿದ್ದಳು.

"ಏನಂತೈತಿ ನಿನ್ನ ಪುಸ್ತಕ?"

"ಗೊಬ್ಬರ ತಿರುಗಿ ಬರ್ತೈತಂತೆ, ಶಕ್ತಿ ಬರಂಗಿಲ್ಲಂತೆ. ಯಾಕಂತ ತಿಳೀವಲ್ದು ಅತ್ತೆ."

ಅವಳು ಹಿಂದಿನ ದಿನದ ಬೂದಿ ಬಾಚಿ ನನ್ನ ಮುಂದೆ ಸುರಿದಳು. "ಇದನ್ನ ಏನ್ ಮಾಡ್ತೀವಿ?"

"ಗದ್ದೆಗೆ ಹಾಕ್ತೀವಿ."

"ನಿನ್ನೆ ಹಂಡೆ ನೀರು ಕಾದಿತ್ತಲ್ಲ, ಆ ಕಾವು?"

"ಆರಿ ಹೋತು."

"ಅದನ್ನೂ ಹಿಂಗೇ ಬಾಚಿ ತಗಂಡು ಬಾ, ನೋಡಾಣ."

ನಾನು ತಣ್ಣಗಿನ ಬೂದಿಯೊಳಗೆ ಕೈ ಇಟ್ಟು ನೋಡಿದೆ.

"ಬರಂಗಿಲ್ಲ ಬಿಡವ್ವ. ಹೋದ ಕಾವು ಹೋತು. ಅದಕ್ಕೇ ಸೂರಪ್ಪ ದಿನಾ ಹೊಸದಾಗಿ ಹುಟ್ತಾನೆ. ಅವ ಬರದಿದ್ರೆ ನನ್ನ ಕುರಿನೂ ಇಲ್ಲ, ನಿನ್ನ ಪರೀಕ್ಷೆನೂ ಇಲ್ಲ."

ಮುಂದಿನ ಪರೀಕ್ಷೆಯಲ್ಲಿ ಮಣ್ಣಿನ ಸಾರಕ್ಕೆ ಗುಂಡನೆಯ ಚಿತ್ರ ಬರೆದೆ. ಶಕ್ತಿಗೆ ನೆಟ್ಟಗಿನ ಗೆರೆ ಎಳೆದೆ: ಸೂರ್ಯನಿಂದ ಹುಲ್ಲಿಗೆ, ಹುಲ್ಲಿನಿಂದ ಕುರಿಗೆ, ಒಂದೊಂದು ಮೆಟ್ಟಿಲಲ್ಲೂ ಆರಿ ಹೋಗುವ ಕಾವಿಗೆ ಒಂದೊಂದು ಬಾಣ. ಪಾಸಾದೆ. ಕುರಿಯ ಗೊರಸಿಗೆ ಔಷಧಿ ಹಚ್ಚುತ್ತಿದ್ದ ಅತ್ತೆಗೆ ಓಡಿಹೋಗಿ ಎಲ್ಲ ಹೇಳಿದೆ. ಅವಳು ತಲೆ ಎತ್ತದೆ, "ಅಷ್ಟೇನಾ? ಅದಕ್ಕೆ ಮೂರು ವರ್ಷ ಬೇಕಾತಾ?" ಎಂದಳು. ಆಮೇಲೆ ಆ ಸುದ್ದಿಯನ್ನು ಆನವಟ್ಟಿ ಸಂತೆಯವರೆಗೂ ಮುಟ್ಟಿಸಿದವಳು ಅವಳೇ.

ಆ ಮಳೆಗಾಲ ಜ್ವರ ಬಂದು ಒಂದೇ ವಾರಕ್ಕೆ ಹೋಗಿಬಿಟ್ಟಳು. ನಮ್ಮ ಹೊಲದ ಮೂಲೆಯಲ್ಲೇ ಮಣ್ಣು ಮಾಡಿದೆವು. ನಾನು ಪಾಸಾದರೂ ಸೊರಬದ ಗಂಡಿನ ಕಡೆಯವರು ಫೋನ್ ಮಾಡುವುದನ್ನು ಬಿಟ್ಟಿರಲಿಲ್ಲ. ಮಣ್ಣು ಮುಗಿಸಿ ಬಂದ ಅಪ್ಪ ಕಾಲು ತೊಳೆಯುತ್ತ ಕೇಳಿದ.

"ಎಮ್ಮೆಸ್ಸಿಗೆ ಎಷ್ಟು ವರ್ಷನೇ?"

"ಎರಡು."

ಚೊಂಬು ಕೆಳಗಿಟ್ಟ. "ಅರ್ಜಿ ಹಾಕು. ಸೊರಬದವ್ರಿಗೆ ನಾನು ಹೇಳ್ತೀನಿ. ಇಲ್ಲಾಂದ್ರೆ ನಮ್ಮಕ್ಕ ಅಲ್ಲಿಂದ್ಲೇ ಬೈತಾಳೆ."